ಅತ್ತೆ ಹೊಗಳಿದ ಸೂಪು

ಮೆಸ್ಸಿನ ಹಿಂದಿನ ಮೆಟ್ಟಿಲು,
ಸೋಮವಾರ ಮಧ್ಯಾಹ್ನ, ಪಾತ್ರೆಗಳೆಲ್ಲ ತೊಳೆದಾದ ಮೇಲೆ

ಪ್ರೀತಿಯ ಚಿನಕುರಳಿ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಊರವರ ಕೆಮ್ಮಿಗೆಲ್ಲ ಔಷಧಿ ಕೊಡುವ ನರ್ಸಮ್ಮ ತನ್ನ ಕೆಮ್ಮನ್ನು ಮಾತ್ರ ಮುದ್ದಿನಿಂದ ಸಾಕಿಕೊಂಡಿದ್ದಾಳೆ ಎಂದು ನಿನ್ನ ಅಣ್ಣ ಗೊಣಗುತ್ತಿದ್ದಾರೆ. ಪಾಳಿ ಮುಗಿಸಿ ಬಂದವಳು ಏನಾದರೂ ಬಿಸಿಯಾಗಿ ತಿಂದು ಮಲಗು, ಬಿಸ್ಕತ್ತಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅಣ್ಣನ ಹೊಟ್ಟೆ ನಿನ್ನ ಅಣ್ಣನಿಗಿಂತ ಸ್ವಲ್ಪ ಮೊದಲೇ ಬಾಗಿಲು ದಾಟುತ್ತಿದೆ, ಅದೊಂದು ಬಿಟ್ಟರೆ ಬೇರೆ ಬದಲಾವಣೆ ಇಲ್ಲ.

ನಿನ್ನ ಪತ್ರ ಬಂದಾಗಿನಿಂದ ಮನೆಯಲ್ಲಿ ಒಂದೇ ಮಾತು. 'ಅಮ್ಮ ಮೆಸ್ಸು ಮುಚ್ಚಿ ನನ್ನ ಹತ್ತಿರ ಬಂದು ಆರಾಮಾಗಿರಲಿ' ಎಂದು ನೀನು ಬರೆಯುವುದು ಹೊಸದೇನಲ್ಲ. ಪ್ರತಿ ಸಲವೂ ಅತ್ತೆ ಪತ್ರ ಮಡಿಸಿಟ್ಟು, 'ಇವಳಿಗೇನು ಬೇರೆ ಕೆಲಸ ಇಲ್ವಾ' ಎಂದು ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಈ ಸಲ ಮಾತ್ರ, 'ಸರಿ, ಹೋಗ್ತೀನಿ' ಅಂದುಬಿಟ್ಟರು. ನಾನು ಈರುಳ್ಳಿ ಹೆಚ್ಚುವುದನ್ನು ಬಿಟ್ಟು ಬಾಯಿ ಬಿಟ್ಟುಕೊಂಡು ನೋಡಿದೆ. ತಿಂಗಳ ಕೊನೆಗೆ ಮೆಸ್ಸು ಮುಚ್ಚುವುದು, ಅದಕ್ಕೂ ಮೊದಲು ಅತ್ತೆ ಸೊಸೆ ಇಬ್ಬರೂ ಶನಿವಾರ ಭಾನುವಾರ ದೊಡ್ಡ ಊರಿಗೆ ಹೋಗಿ ಕಣ್ತುಂಬ ನೋಡಿ ಹೊಟ್ಟೆತುಂಬ ತಿಂದು ಬರುವುದು ಎಂದು ಅವರೇ ತೀರ್ಮಾನ ಮಾಡಿದರು. 'ಇಷ್ಟು ವರ್ಷ ಎಲ್ಲರಿಗೂ ಬಡಿಸಿದ್ದೀವಿ, ಎರಡು ದಿನ ಯಾರಾದ್ರೂ ನಮಗೆ ಬಡಿಸಲಿ' ಅಂದರು. ಮೆಸ್ಸಿಗೆ ಬರುವ ಕಾರ್ಖಾನೆಯವರ ಶನಿವಾರದ ಊಟ ನಿನ್ನ ಅಣ್ಣನ ತಲೆಗೆ ಬಿತ್ತು. ಅವರು ಏನು ಬೇಯಿಸಿದರು, ತಿಂದವರು ಏನಂದರು ಎಂದು ಕೇಳಬೇಡ. ನಾನೂ ಕೇಳಿಲ್ಲ.

ಶನಿವಾರ ಹೋಗಿ ಇಳಿದ ಲಾಡ್ಜಿನ ಲಿಫ್ಟನ್ನು ಅತ್ತೆ ಹತ್ತಲೇ ಇಲ್ಲ. 'ಬಾಗಿಲು ತೆಗೆಯೋದು ಅದರ ಇಷ್ಟ ಅಂದ್ರೆ ನಾನು ಯಾಕೆ ಒಳಗೆ ಹೋಗ್ಲಿ' ಎಂದು ಮೆಟ್ಟಿಲು ಹತ್ತಿದರು, ನಾನೂ ಏದುಸಿರು ಬಿಡುತ್ತ ಹಿಂದೆ ಹತ್ತಿದೆ. ರೂಮು ಸಣ್ಣದಾದರೂ ಚೊಕ್ಕಟವಾಗಿತ್ತು. ಹಾಸಿಗೆಯ ಮೇಲೆ ಕುಳಿತು ಒಂದು ಸಲ ಪುಟಿದು ನೋಡಿ ಪರವಾಗಿಲ್ಲ ಅಂದರು. ಆಮೇಲೆ ಸೂರಿಲ್ಲದ ಎರಡಂತಸ್ತಿನ ಬಸ್ಸಿನ ಮೇಲೆ ಕುಳಿತು ಊರೆಲ್ಲ ಸುತ್ತಿದೆವು. ಅರಮನೆಯಂಥ ಬ್ಯಾಂಕುಗಳು, ಬ್ಯಾಂಕಿನಂಥ ಅರಮನೆ, ಕುದುರೆಯ ಮೇಲೆ ಕುಳಿತ ಯಾರೋ ಒಬ್ಬರು ಕಂಚಿನ ಮಹಾನುಭಾವರು, ಅವರ ತಲೆಯ ಮೇಲೆ ಪಾರಿವಾಳ. ಮ್ಯೂಸಿಯಮ್ಮಿನಲ್ಲಿ ಜನ ಕಿರೀಟದ ಮುಂದೆ ಸಾಲು ನಿಂತಿದ್ದರೆ ನಿನ್ನ ಅಮ್ಮ ಒಂದು ತಾಮ್ರದ ಹಂಡೆಯ ಮುಂದೆ ಅಲ್ಲಾಡದೆ ನಿಂತರು. ರಾಜರ ಅಡುಗೆಮನೆಯದಂತೆ, ನಮ್ಮಿಬ್ಬರನ್ನೂ ಒಳಗೆ ಕೂರಿಸಿ ಮುಚ್ಚಳ ಹಾಕಬಹುದಿತ್ತು. 'ಇದನ್ನ ತೊಳೀತಿದ್ದೋರು ಯಾರು ಅಂತ ಎಲ್ಲೂ ಬರೆದಿಲ್ಲ ನೋಡು' ಅಂದರು. ಕಾವಲಿನವನನ್ನೂ ಕೇಳಿದರು. ಅವನು ಪಾಪ, ಫೋಟೊ ತೆಗೆಯಬಾರದು ಎನ್ನುವುದೊಂದು ಬಿಟ್ಟು ಬೇರೇನೂ ಗೊತ್ತಿಲ್ಲ ಎಂದ.

ಇನ್ನು ಊಟದ ಸಂಗತಿ. ಮಧ್ಯಾಹ್ನ ಬಿಳಿ ಮೇಜುಬಟ್ಟೆ ಹಾಸಿದ ದೊಡ್ಡ ಹೋಟೆಲಿಗೆ ಹೋದೆವು. ಮೊದಲು ಸೂಪು ಬಂತು. ನಾನು ಮೈಯೆಲ್ಲ ಕಿವಿಯಾಗಿ ಕಾದೆ, ಏಕೆಂದರೆ ಹೊರಗಡೆ ಊಟಕ್ಕೆ ಹೋದಾಗ ನಿನ್ನ ಅಮ್ಮನ ಬಾಯಲ್ಲಿ ಬರುವ ಮಾತು ಊಟಕ್ಕಿಂತ ಖಾರ. ನಿನ್ನ ಅಣ್ಣನ ಮದುವೆಯ ದಿನ ಅಡುಗೆ ಭಟ್ಟರನ್ನು ಕರೆಸಿ ಅನ್ನದ ಬಗ್ಗೆ ಮಾತಾಡಿದವರು ಅವರು. ನನ್ನ ಕೈ ಅಡುಗೆಗೆ ಇವತ್ತಿನವರೆಗೆ ಸಿಕ್ಕಿರುವ ಅತಿ ದೊಡ್ಡ ಬಿರುದು 'ತಿನ್ನಬಹುದು'. ಅಂಥವರು ಒಂದು ಚಮಚ ಬಾಯಿಗಿಟ್ಟು, 'ಚೆನ್ನಾಗಿದೆ' ಅಂದರು. ನಾನು ನನ್ನ ಚಮಚ ಎತ್ತಿದೆ. ಉಪ್ಪೋ ಉಪ್ಪು! ಒಬ್ಬರು ಹಾಕಿದ್ದು ತಿಳಿಯದೆ ಇನ್ನೊಬ್ಬರು ಹಾಕಿದ್ದಾರೆ, ಅಡುಗೆಮನೆಯಲ್ಲಿ ಇರುವವರಿಗೆ ಗೊತ್ತಾಗುವ ತಪ್ಪು. ಪಕ್ಕದ ಮೇಜಿನವರು ಬಟ್ಟಲನ್ನು ವಾಪಸು ಕಳಿಸಿದರು. ಬಡಿಸುವವನು ಓಡಿ ಬಂದು ಕ್ಷಮೆ ಕೇಳುವ ಹೊತ್ತಿಗೆ ಅತ್ತೆ ತಮ್ಮ ಬಟ್ಟಲನ್ನು ಕನ್ನಡಿಯ ಹಾಗೆ ಮಾಡಿಟ್ಟಿದ್ದರು.

ಪ್ರವಾಸಕ್ಕೆ ಬಂದಿದ್ದೇವೆ, ಒಳ್ಳೆಯ ಮನಸ್ಸಿನಲ್ಲಿದ್ದಾರೆ ಎಂದುಕೊಂಡೆ. ಸಂಜೆ ನದಿಯ ದಡದ ಗಾಡಿಯಲ್ಲಿ ಹುರಿದ ಮೀನು ತಿಂದೆವು. ಎಣ್ಣೆ ಹಳೆಯದು, ನನಗೆ ಎರಡನೆಯ ತುತ್ತಿಗೇ ಗಂಟಲು ಹಿಡಿಯಿತು. 'ಬಹಳ ಚೆನ್ನಾಗಿದೆ' ಅಂದರು. ಬೈಗುಳಕ್ಕೆ ಹೆದರಿದವಳಲ್ಲ ನಾನು, ಆ ಎರಡು ಹೊಗಳಿಕೆಗೆ ಹೆದರಿಬಿಟ್ಟೆ.

ಭಾನುವಾರ ಬೆಳಿಗ್ಗೆ ಮಾಡಬಾರದ ಕೆಲಸ ಮಾಡಿದೆ. ಕಾಫಿ ಕುಡಿಯಲು ಹೋದ ಕಡೆ ಅತ್ತೆ ಕಿಟಕಿಯಾಚೆ ನೋಡುತ್ತಿದ್ದಾಗ ಅವರ ಲೋಟಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ ಕಲಕಿದೆ. ಕುಡಿದರು. ಇನ್ನೊಂದು ಗುಟುಕು ಕುಡಿದು, 'ಇವರ ಕಾಫಿ ಚೆನ್ನಾಗಿದೆ' ಅಂದರು. ನನಗೆ ತಡೆದುಕೊಳ್ಳಲು ಆಗಲಿಲ್ಲ ಕಣೇ, ಅಷ್ಟು ಜನರ ನಡುವೆ ಕಣ್ಣೀರು ಬಂದೇ ಬಿಟ್ಟಿತು. ನನ್ನ ಮುಖ ನೋಡಿದರು, ಲೋಟ ನೋಡಿದರು. 'ಏನು ಹಾಕಿದೆ?' ಅಂದರು. ಉಪ್ಪು ಅಂದೆ. ಬೈಯಲಿಲ್ಲ. ಲೋಟವನ್ನು ಆಚೆ ಸರಿಸಿ ಎಲ್ಲವನ್ನೂ ಹೇಳಿದರು. ಚಳಿಗಾಲದಲ್ಲಿ ಬಂದಿತ್ತಲ್ಲ ಜ್ವರ, ಅದು ಹೋಗುವಾಗ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ತೆಗೆದುಕೊಂಡು ಹೋಗಿದೆ. 'ಬಿಸಿ, ತಣ್ಣಗೆ, ಗಟ್ಟಿ, ಮೆತ್ತಗೆ. ಅಷ್ಟೇ ಗೊತ್ತಾಗೋದು' ಅಂದರು. ಗುಟ್ಟಾಗಿ ಡಾಕ್ಟರಿಗೂ ತೋರಿಸಿಕೊಂಡಿದ್ದಾರೆ. ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರಂತೆ. ಇಷ್ಟು ದಿನ ಮೆಸ್ಸಿನಲ್ಲಿ ಒಂದು ದಿನವೂ ಹದ ತಪ್ಪಲಿಲ್ಲವಲ್ಲ ಹೇಗೆ ಎಂದು ಕೇಳಿದೆ. ಅರ್ಧ ಕೈಯ ಅಭ್ಯಾಸ, ಇನ್ನರ್ಧ ನೀರಿನ ಲೋಟ! ಬಡಿಸಿದ ಮೇಲೆ ಬಾಗಿಲ ಹತ್ತಿರ ನಿಂತು, ಮೊದಲ ತುತ್ತಿಗೇ ಯಾರು ಯಾರು ನೀರಿಗೆ ಕೈ ಚಾಚುತ್ತಾರೆ ಎಂದು ನೋಡುತ್ತಿದ್ದರಂತೆ. ಸಾಲದ್ದಕ್ಕೆ 'ಇದನ್ನೊಂದು ಸಲ ನೋಡು' ಎಂದು ನನ್ನ ಅಂಗೈಗೂ ಹಾಕುತ್ತಿದ್ದರು. ನಾನು ದಡ್ಡಿ, ಕೊನೆಗೂ ಅತ್ತೆಗೆ ನನ್ನ ಕೈಗುಣ ಕಂಡಿತು ಎಂದು ಬೀಗುತ್ತ ಓಡಾಡಿಕೊಂಡಿದ್ದೆ.

'ಎಲ್ಲಾನೂ ಹೊಗಳಿದ್ರೆ ಯಾರಿಗೂ ಅನುಮಾನ ಬರಲ್ಲ ಅಂದ್ಕೊಂಡೆ' ಅಂದರು. ಅಳುತ್ತಿದ್ದವಳಿಗೆ ನಗು ಬಂತು, ಅವರಿಗೂ ಬಂತು. ನಿನ್ನ ಹತ್ತಿರ ಬರಲು ಒಪ್ಪಿದ್ದೂ ಇದಕ್ಕೇ. 'ರುಚಿ ಗೊತ್ತಾಗದವಳು ಅಡುಗೆಮನೇಲಿ ಯಾಕೆ ಅಡ್ಡ ನಿಲ್ಲಬೇಕು? ಮಗಳು ಆಸ್ಪತ್ರೆ ಕ್ಯಾಂಟೀನಲ್ಲೇ ತಿಂತಾಳೆ, ಅಲ್ಲಿ ನನ್ನನ್ನ ಯಾರೂ ಅಡುಗೆ ಕೇಳಲ್ಲ' ಅಂದರು. ಇದನ್ನೆಲ್ಲ ನಿನಗೆ ಬರೆಯಬಾರದು ಎಂದು ಆಣೆ ಹಾಕಿಸಿಕೊಳ್ಳಲು ನೋಡಿದರು. ನಾನು ಹಾಕಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಆದರೆ ಅಳುತ್ತ ಕೂರಲು ಅಷ್ಟು ದೂರ ಹೋಗಿರಲಿಲ್ಲ. 'ಏಳಿ ಅತ್ತೆ, ಇನ್ನೂ ಒಂದಿಡೀ ದಿನ ಇದೆ, ನಾನು ತಿಂದು ಹೇಳ್ತೀನಿ, ನೀವು ಬೈಯಿರಿ' ಅಂದೆ. ಎತ್ತರದ ಗೋಪುರ ಹತ್ತಿ ಇಳಿದೆವು (ಅಲ್ಲಿ ಲಿಫ್ಟೇ ಗತಿ, ಕಣ್ಣು ಮುಚ್ಚಿ ನನ್ನ ಕೈ ಜಜ್ಜಿದರು), ಆಮೇಲೆ ಹಿಂದಿನ ಬೀದಿಯ ಸಣ್ಣ ಹೋಟೆಲೊಂದರಲ್ಲಿ ಮಾಂಸದ ಸಾರಿನ ಬಟ್ಟಲಿನ ಮುಂದೆ ಕುಳಿತೆವು. ನಾನು ಒಂದು ತುತ್ತು ತಿಂದು ಚೆನ್ನಾಗಿದೆ ಅಂದೆ. 'ಚೆನ್ನಾಗಿದೆ ಅನ್ನೋದು ಒಂದು ರುಚೀನಾ? ಸರಿಯಾಗಿ ಹೇಳು. ಹುಳಿ ಮೊದಲು ಬರತ್ತಾ, ಆಮೇಲೆ ಬರತ್ತಾ?' ಆಮೇಲೆ ಬರುತ್ತದೆ ಅಂದೆ. 'ಕಡೇಲಿ ಸಿಹಿ ನಿಲ್ಲತ್ತಾ?' ಇಲ್ಲ, ಸ್ವಲ್ಪ ಕಹಿ ಅಂದೆ. ಅತ್ತೆ ಕಣ್ಣು ಮುಚ್ಚಿಕೊಂಡರು, ತುಟಿ ಒಂದು ಸಲ ಅಲ್ಲಾಡಿತು. 'ಈರುಳ್ಳಿ ಅರ್ಧ ಹೊತ್ತಿಸಿದಾನೆ, ಆಮೇಲೆ ಹುಳಿ ಸುರಿದು ಮುಚ್ಚಿಹಾಕಿದಾನೆ. ಕಳ್ಳ!' ಎಂದು ಮೇಜು ಕುಟ್ಟಿದರು. ಬಡಿಸುವವನು ಬೆಚ್ಚಿ ಏನಾದರೂ ಬೇಕೇ ಎಂದು ಕೇಳಿದ. ಏನೂ ಬೇಡಪ್ಪ, ನಮ್ಮ ಅತ್ತೆಗೆ ಊಟ ಹಿಡಿಸಿತು ಅಂದೆ. ಎಷ್ಟು ತಿಂಗಳಾಗಿತ್ತು ಅವರ ಆ ಮುಖ ನೋಡಿ! ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಆಮೇಲೆ ಕೇಕಿನಂಗಡಿ, ಐಸ್‌ಕ್ರೀಮಿನವನು, ಸ್ಟೇಷನ್ನಿನ ಬ್ರೆಡ್ಡು, ಯಾರನ್ನೂ ಬಿಡಲಿಲ್ಲ. ನಾನು ತಿಂದೆ, ಅವರು ಬೈದರು. ರೈಲಿನಲ್ಲಿ ಕುಳಿತ ಕೂಡಲೇ, 'ನಾಳೆಗೆ ಬಟಾಣಿ ನೆನೆಸಬೇಕು, ನೆನಪು ಮಾಡು' ಅಂದರು. ಹೂಂ ಅಂದೆ.

ಇವತ್ತು ಬೆಳಿಗ್ಗೆಯಿಂದ ನನ್ನ ಅಂಗೈ ಒಣಗಿಲ್ಲ. ಒಗ್ಗರಣೆಗೆ ಒಂದು ಸಲ, ಕುದಿ ಬಂದಾಗ ಒಂದು ಸಲ, ಇಳಿಸುವಾಗ ಒಂದು ಸಲ ಹಾಕಿ, ಹೇಳು ಹೇಳು ಎಂದು ಜೀವ ತಿಂದರು. ಮೆಸ್ಸು ನಡೆಯುತ್ತದೆ, ಅದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಇದಕ್ಕೆ ಒಳ್ಳೆಯ ಡಾಕ್ಟರು ಯಾರಿದ್ದಾರೆ ವಿಚಾರಿಸು, ನಾನೇ ಕರೆತಂದು ತೋರಿಸಿ ನಾನೇ ವಾಪಸು ಕರೆದುಕೊಂಡು ಬರುತ್ತೇನೆ. ಅತ್ತೆಯ ಆಶೀರ್ವಾದ, ನಿನ್ನ ಅಣ್ಣನ ಪ್ರೀತಿ, ಬಟಾಣಿ ವಾಸನೆ ಹೊಡೆಯುವ ಕೈಯಿಂದ ನನ್ನದೊಂದು ಅಪ್ಪುಗೆ. ಮೈ ನೋಡಿಕೋ.

ನಿನ್ನ
ಅತ್ತಿಗೆ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಂಚೆಯವನು ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಮಂಡಿ ನೋವು, ಅಷ್ಟು ದೂರ ಪ್ರಯಾಣ ಆಗುವುದಿಲ್ಲ ಎಂದು ಅತ್ತೆ ನಿನಗೆ ಬರೆಯುತ್ತಾರೆ. ಮಂಡಿಗೆ ಏನೂ ಆಗಿಲ್ಲ. ನೀನು ನಂಬಿದವಳ ಹಾಗೆ ಇರು. ಬಂದು ನನ್ನ ಹತ್ತಿರವೇ ಇರು ಎಂದು ಇನ್ನೊಂದು ಸಲ ಕರೆದರೆ ಬಂದೇ ಬಿಡುತ್ತಾರೆ, ಮೊದಲಿನ ಹಾಗೆ ನಿನ್ನ ಮಾತು ತೆಗೆದುಹಾಕುವ ಶಕ್ತಿ ಈಗ ಅವರಿಗಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಕರೆಯಬೇಡ. ನೀನು ಮಗಳು, ಹಕ್ಕು ನಿನ್ನದೇ, ಬೇಕಾದರೆ ನನ್ನ ಮೇಲೆ ಸಿಟ್ಟು ಮಾಡಿಕೋ. ನಾನು ಈ ಮನೆಗೆ ಬರುವಾಗ ತಾಯಿ ಇಲ್ಲದೆ ಬಂದವಳು. ಇವರನ್ನು ಬಿಟ್ಟುಕೊಡಲು ನನ್ನಿಂದ ಆಗುವುದಿಲ್ಲ ಕಣೇ.