ಬೈಯುವವಳನ್ನು ವಾಪಸು ಕಳಿಸಿ

ಕುಂದುರ್ಪಿ, ಆಗಸ್ಟ್ 2006

ಯಾವ ಆಸ್ಪತ್ರೆಯಲ್ಲಿ ಯಾರಿರಬೇಕೆಂದು ಕೂತಲ್ಲೇ ನಿರ್ಧರಿಸುವ ಮಾನ್ಯ ಆರೋಗ್ಯಾಧಿಕಾರಿಗಳೇ,

ಕಲ್ಯಾಣದುರ್ಗದ ಆಸ್ಪತ್ರೆಯಿಂದ ನರ್ಸ್ ಕೃಷ್ಣವೇಣಿಯನ್ನು ಹಿಂದೂಪುರಕ್ಕೆ ಎತ್ತಿಹಾಕಿದಿರಿ. ಇತ್ತ ನನ್ನ ಅಕ್ಕ ಈರಕ್ಕ ಕೆಮ್ಮುತ್ತಿದ್ದಾಳೆ. ಆದೇಶದಿಂದ ಕೆಮ್ಮು ಬರುತ್ತದೆಯೇ ಎಂದು ನಗಬೇಡಿ. ಬರುವುದಿಲ್ಲ, ಬಂದದ್ದು ಹೋಗುವುದೂ ಇಲ್ಲ. ತಮ್ಮದು ಸಹಿ, ನಮ್ಮದು ಕಹಿ.

ಅಕ್ಕನಿಗೆ ಕ್ಷಯದ ಅನುಮಾನ. ಮೊಮ್ಮಗು ಮಲಗುವುದು ಅವಳ ಮಗ್ಗುಲಲ್ಲೇ. ಎದೆಯ ಎಕ್ಸ್‌ರೇ ಆಗಬೇಕು, ಅದಕ್ಕೆ ತಾಳಿ ತೆಗೆಯಬೇಕು. ಗಂಡನಿರುವಾಗ ತಾಳಿ ತೆಗೆಯುವುದೆಂದರೇನು ಎಂದು ತಮ್ಮ ಮನೆಯಲ್ಲೇ ವಿಚಾರಿಸಿ. ದೂರದ ಜಿಲ್ಲೆಯಿಂದ ತಾವು ತರಿಸಿದ ಹೊಸ ನರ್ಸ್ ಬಹಳ ವಿನಯದಿಂದ, "ಅಮ್ಮಾ, ತಾಳಿ ತೀಸೇಯಂಡಿ" ಎಂದರು. ತೆಲುಗು ಸೀಮೆಯ ಕನ್ನಡದವಳಾದ ಅಕ್ಕನಿಗೆ ತೆಲುಗು ಚೆನ್ನಾಗಿ ಬರುತ್ತದೆ. ಅರ್ಥವಾಯಿತು. ಅದಕ್ಕೇ ಎದ್ದು ಬಸ್ ಹತ್ತಿದಳು.

ಹೋದ ವರ್ಷ ನೆರೆಮನೆಯ ಗಂಗಕ್ಕನೂ ಹೀಗೇ ಹಟ ಹಿಡಿದಿದ್ದಳು. ಜೊತೆಗೆ ಹೋಗಿದ್ದ ನಾನೇ ಸಾಕ್ಷಿ. ಕೃಷ್ಣವೇಣಿ ಕಂಬದೂರಿನವಳು, ನಮ್ಮಂತೆಯೇ ಕುರಿ ಕಾಯುವವರ ಮನೆಯ ಮಗಳು. ವಿನಯ ಗಿನಯ ಏನೂ ಇಲ್ಲ.

"ಏನಕ್ಕಾ, ನಿನ್ ಗಂಡನ ಪ್ರಾಣ ಆ ದಾರದಾಗೈತಾ? ಆಚೆ ಬೀಡಿ ಸೇದ್ತಾ ಕುಂತವ್ನೆ, ಹೋಗಿ ನೋಡ್ಕಂಬಾ! ಆಪರೇಷನ್‌ಗೆ ನಂದೂ ತೆಗ್ದಿದ್ದೆ ಕಣಮ್ಮ. ನಮ್ಮೋನು ಸಾಯ್ಲಿಲ್ಲ, ಗೊರಕೇನೂ ನಿಲ್ಲಿಸ್ಲಿಲ್ಲ!"

ಬೈಯುತ್ತಲೇ ಅರಿಶಿನದ ಕೊಂಬಿನ ದಾರವೊಂದನ್ನು ಗಂಗಕ್ಕನ ಕೈಗೆ ಕಟ್ಟಿದಳು. "ಬಾಯಿ ನೋಡು ಇವಳ್ದು! ತಗಾ, ಜ್ವಾಪಾನ" ಎಂದು ಗಂಗಕ್ಕ ನಗುತ್ತ ತಾಳಿ ಬಿಚ್ಚಿಕೊಟ್ಟಳು. ಇದೇ ಮಾತನ್ನು ಹೊರಗಿನವರು ಆಡಿದ್ದರೆ ಜಗಳ. ಅವಳ ಬಾಯಲ್ಲಿ ಬಂದರೆ ಬಳಗ.

ಇದನ್ನೇ ಹೇಳಲು ನಾನು ಕಚೇರಿಗೆ ಬಂದಾಗ ತಾವು ಅಪ್ಪಣೆ ಕೊಡಿಸಿದಿರಿ: "ರೋಗಕ್ಕೆ ಊರಿಲ್ಲ, ಜಾತಿಯಿಲ್ಲ. ನರ್ಸ್ ಅಂದರೆ ನರ್ಸ್." ಒಪ್ಪಿದೆ. ರೋಗಕ್ಕಿಲ್ಲ, ರೋಗಿಗಿದೆಯಲ್ಲ ಸ್ವಾಮಿ? ಒಂದೇ ಸೀಮೆಯ, ಒಂದೇ ಅಚ್ಚಿನ ಸಿಬ್ಬಂದಿಯಿಂದ ಆಸ್ಪತ್ರೆಗೆ ಅಂದ ಬರಬಹುದು, ಈರಕ್ಕ ಬರುವುದಿಲ್ಲ. ಹೊಸಬರನ್ನು ಓಡಿಸಿ ಎನ್ನುತ್ತಿಲ್ಲ. ಅವರೂ ಇರಲಿ, ನಮ್ಮನ್ನು ಬೈಯುವ ಹಕ್ಕಿರುವವರೂ ಇರಲಿ.

ಹಿಂದೂಪುರಕ್ಕೇ ಕರೆದೊಯ್ಯಬಾರದೇ ಎನ್ನುವಿರಾ? ಕರೆದೆ. "ಬಸ್ ಮ್ಯಾಲೆ ಬಸ್ ಹತ್ತಿ ತಾಳಿ ತೆಗೆಸ್ಕಳಾಕೆ ಹೋಗ್ಬೇಕೇನ್ಲಾ?" ಎಂದಳು ಅಕ್ಕ. ಉತ್ತರ ತಮ್ಮಲ್ಲಿದ್ದರೆ ಕಳಿಸಿಕೊಡಿ.

ಕೃಷ್ಣವೇಣಿ ಈ ವಾರವೇ ಕಲ್ಯಾಣದುರ್ಗದಲ್ಲಿರಬೇಕು. ಇಲ್ಲವಾದರೆ ತಾವೇ ದಯಮಾಡಿಸಿ, ಈರಕ್ಕನಿಗೆ ತಾಳಿ ತೆಗೆ ಎಂದು ಹೇಳಿ. ಭಾವ ಗಂಗುಲಪ್ಪ ಕುರಿ ಕಾಯುವ ಕೋಲು ಹಿಡಿದು ಪಕ್ಕದಲ್ಲೇ ನಿಂತಿರುತ್ತಾನೆ, ತಾನಿನ್ನೂ ಬದುಕಿದ್ದೇನೆಂದು ತಮಗೆ ಮನವರಿಕೆ ಮಾಡಿಕೊಡಲು.

ಇಂತಿ,
ಕೆಮ್ಮುವ ಅಕ್ಕನ ಸುಮ್ಮನಿರದ ತಮ್ಮ,
ಈರಲಿಂಗಪ್ಪ, ಕನ್ನಡ ಮಾಧ್ಯಮದ ಬಿ.ಎ.
(ಪ್ರಾಸ ಸಿಕ್ಕಿದೆ, ಎಕ್ಸ್‌ರೇ ಸಿಕ್ಕಿಲ್ಲ)