ಕಂಪ್ಯೂಟರಿಗೆ ಇಟ್ಟ ಕುಂಕುಮ

ಅಕ್ಟೋಬರ್ ೧, ಬುಧವಾರ. ದುದ್ದ

ಕಂಪ್ಯೂಟರಿನ ಹೊರಡಬ್ಬ, ಕ್ಯಾಬಿನೆಟ್ಟನ್ನು, ಮುಂದಿನ ತಿಂಗಳು ನೋಡಿಕೊಂಡರಾಯಿತು ಎಂದು ಅದರ ದುಡ್ಡನ್ನೂ ಗ್ರಾಫಿಕ್ಸ್ ಕಾರ್ಡಿಗೇ ಸುರಿದಿದ್ದೆ. ಗೇಮ್ ಓಡಿಸುವುದು ಕಾರ್ಡು, ಡಬ್ಬವಲ್ಲ ಎಂಬ ಜಂಬ. ಹಾಗಾಗಿ ಜೋಡಿಸಿದ ಮದರ್‌ಬೋರ್ಡು ಮೇಜಿನ ಮೇಲೆ ಬರಿಮೈಯಲ್ಲೇ ಇತ್ತು, ಪ್ಲಗ್ಗೂ ಹಾಕಿತ್ತು.

ನಾನು ಹಾಸನದಿಂದ ಹೂವು ತರುವಷ್ಟರಲ್ಲಿ ಅವ್ವ ಆಯುಧಪೂಜೆ ಮುಗಿಸಿದ್ದಳು. ಬೈಕು, ಕುಡುಗೋಲಿನ ಜೊತೆ ಅದಕ್ಕೂ ನೀರು ಚಿಮುಕಿಸಿ, ಕಲಸಿದ ಅರಿಶಿನ ಕುಂಕುಮ ಇಟ್ಟಿದ್ದಳು.

“ನೀನು ಓದೋ ಮಿಸೀನು ಕಣ್ಲಾ, ಅದ್ಕೇ ಎಲ್ಲಕ್ಕಿಂತ ಮೊದ್ಲು ಇಟ್ಟೆ” ಅಂದಳು.

ಒರೆಸಿದೆ, ಒಣಗಿಸಿದೆ. ಮೊನ್ನೆ ಜೋಡಿಸಿದಾಗ ಗಿರಗಿರನೆ ತಿರುಗಿದ್ದ ಅದರ ಫ್ಯಾನು, ಸ್ವಿಚ್ ಹಾಕಿದರೆ ಅಲುಗಲೂ ಇಲ್ಲ.

“ನಾಳೆ ವಿಜಯದಶಮಿ, ಒಳ್ಳೆ ದಿನ. ಆನ್ ಮಾಡೀವಂತೆ, ಚಿಕ್ಕಮ್ಮುನ್ನೂ ಕರೀತೀನಿ” ಅಂದಳು ಮಲಗುವಾಗ.

ಹೂಂ ಅಂದೆ.

ನಾಳೆ ಕತ್ತಲಾಗುವವರೆಗೂ ದುದ್ದಕ್ಕೆ ಕರೆಂಟು ಬರದಿರಲಿ.