ಬಾಣಂತಿಗೆ ಐಸ್ ಟೀ

ಏಪ್ರಿಲ್ 9, ಬುಧವಾರ

ಇವತ್ತಿನದೂ ಕದಡಿತು. ಟೀ ಡಿಕಾಕ್ಷನ್ ಬಿಸಿ ಇರುವಾಗಲೇ ಫ್ರಿಜ್ಜಿಗೆ ಇಟ್ಟಿದ್ದು ತಪ್ಪು. ಹೊರಗೇ ಆರಬೇಕು, ಆಮೇಲೆ ಒಳಗೆ. ಯೂಟ್ಯೂಬಿನ ಹುಡುಗಿ ಹೇಳಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ. ಕೆರೆ ನೀರಿನ ಬಣ್ಣ. ಆದರೂ ಕುಡಿದೆ. ನಿಂಬೆ ಜಾಸ್ತಿ. ಸಕ್ಕರೆ ಕರಗದೆ ತಳದಲ್ಲಿ ಕರಕರ. ತಣ್ಣಗಿತ್ತು — ಅಷ್ಟು ಗೊತ್ತಾಯಿತು. ಅಮ್ಮ ಯಾರದೋ ಬ್ಲೌಸ್ ಹೊಲಿದದ್ದು ಕೊಡಲು ಹೋಗಿದ್ದಳು. ಬರುವುದರೊಳಗೆ ಗ್ಲಾಸು ತೊಳೆದು ಬೋರಲು ಹಾಕಿದೆ.

ಕದ್ದು ಕುಡಿಯುವುದು ಯಾಕೆ ಅಂದರೆ, ನಾನು ಬಾಣಂತಿ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸೊಂಟಕ್ಕೆ ಅಮ್ಮನ ಹಳೇ ಸೀರೆ ಬಿಗಿದು ಸುತ್ತಿದೆ. ಕುಡಿಯಲು ಕಾಯಿಸಿದ ನೀರು, ಉಣ್ಣಲು ಮೆಣಸಿನ ಸಾರು. ಥಂಡಿ ಯಾವುದೂ ಕೂಡದು.

ಮಗು ಇಲ್ಲ. ಮಾರ್ಚ್ ಕೊನೆಯಲ್ಲಿ ಹುಟ್ಟಿತು. ಹುಟ್ಟುವಾಗಲೇ ಉಸಿರಿರಲಿಲ್ಲ. ಹೆಣ್ಣು. ನನಗೆ ಮಂಪರು, ತೋರಿಸಲಿಲ್ಲ. ಗಂಡ ರವೀಶ ನೋಡಿದ, ಅವನೇ ಎತ್ತಿಕೊಂಡು ಹೋದ. ನನ್ನನ್ನು ಆಸ್ಪತ್ರೆಯಿಂದ ನೇರ ಹೊಸನಗರಕ್ಕೆ, ಅಮ್ಮನ ಮನೆಗೆ ತಂದು ಬಿಟ್ಟ. ಅವತ್ತಿನಿಂದ ಯಾರೂ ಆ ಸುದ್ದಿ ಎತ್ತುವುದಿಲ್ಲ. ಎದುರು ಮನೆ ವಾಗ್ದೇವಿ ಟೀಚರ್ ಬಂದು ಅರ್ಧ ಗಂಟೆ ಬಿಸಿಲಿನ ಬಗ್ಗೆ ಮಾತಾಡಿ ಹೋದರು.

ಅತ್ತು ಮುಗಿಸಿದ್ದೇನೋ, ಇನ್ನೂ ಶುರುವೇ ಆಗಿಲ್ಲವೋ, ತಿಳಿಯುತ್ತಿಲ್ಲ. ಹಲ್ಲು ಕೀಳುವಾಗ ಇಂಜೆಕ್ಷನ್ ಕೊಟ್ಟ ದವಡೆ ಇರುತ್ತದಲ್ಲ, ಹಾಗಿದೆ ಇಡೀ ಮೈ.

ಏಪ್ರಿಲ್ 10

ಫೋನು ಇನ್ನೂ ಮಕ್ಕಳ ವಿಡಿಯೋಗಳನ್ನೇ ತೋರಿಸುತ್ತಿತ್ತು. ಅಷ್ಟು ತಿಂಗಳು ನಾನೇ ಹುಡುಕಿದ್ದು, ಪಾಪ ಅದಕ್ಕೇನು ಗೊತ್ತು. ಒಂದೊಂದಕ್ಕೂ ‘ನಾಟ್ ಇಂಟರೆಸ್ಟೆಡ್’ ಒತ್ತಿದೆ. ಒತ್ತಿ ಒತ್ತಿ, ಇವಳಿಗೆ ಇನ್ನೇನು ತೋರಿಸಲಿ ಅಂತ ಅದಕ್ಕೂ ತಿಳಿಯದೆ ಐಸ್ ಟೀ ತೋರಿಸಿತು. ಪೀಚ್ ಐಸ್ ಟೀ, ಪುದೀನ ಐಸ್ ಟೀ... ಗ್ಲಾಸಿಗೆ ಐಸು ಬೀಳುವ ಸದ್ದು. ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ. ಶುರುವಾಗಿದ್ದು ಹೀಗೆ. ಹೊಸನಗರದ ಪೇಟೆಯಲ್ಲಿ ಪೀಚ್ ಹಣ್ಣು ಎಲ್ಲಿ ಸಿಗಬೇಕು. ನಿಂಬೆಹಣ್ಣಿನಲ್ಲೇ ತೃಪ್ತಿಪಟ್ಟುಕೊಳ್ಳಬೇಕು.

ಏಪ್ರಿಲ್ 12, ಬೆಳಿಗ್ಗೆ

ಅಮ್ಮನಿಗೆ ಕೈನೋವು. ಹಂಡೆಯಿಂದ ನೀರು ಎತ್ತಿ ಹಾಕಲು ಆಗುತ್ತಿಲ್ಲ ಅಂತ ಕನ್ನಮ್ಮನಿಗೆ ಹೇಳಿ ಕಳಿಸಿದ್ದಳು. ಸುತ್ತಿನ ಬಾಣಂತಿಯರಿಗೆಲ್ಲ, ಮಕ್ಕಳಿಗೆಲ್ಲ ನೀರು ಹಾಕುವವಳು ಕನ್ನಮ್ಮ. ಎಲ್ಲ ಗೊತ್ತು ಅವಳಿಗೆ. ಬಂದವಳು ಏನೂ ಕೇಳಲಿಲ್ಲ. ಎಣ್ಣೆ ತಿಕ್ಕಿದಳು, ಮೈ ಕೆಂಪಾಗುವ ಹಾಗೆ ನೀರು ಹೊಯ್ದಳು, ತಲೆ ಒರೆಸಿದಳು. ನಾನು ಸೀರೆ ಸುತ್ತಿಕೊಂಡು ಬಚ್ಚಲ ಮೂಲೆಯ ಕಲ್ಲಿನ ಮೇಲೆ ಕೂತೆ.

ಕನ್ನಮ್ಮ ಮಣೆ ಎಳೆದುಕೊಂಡಳು. ಕೂತು, ಸೀರೆ ಮೇಲೆ ಸರಿಸಿ, ಎರಡೂ ಕಾಲು ಜೋಡಿಸಿ ನೀಡಿದಳು. ಚೊಂಬಿನಲ್ಲಿ ನೀರು ತೋಡಿ, ಬಿಸಿ ಎಷ್ಟಿದೆ ಅಂತ ತನ್ನ ಕಾಲ ಮೇಲೆ ಹೊಯ್ದು ನೋಡಿದಳು. ತಿರುಗಿ ನೋಡದೆ, “ಹ್ಞಾಂ, ತಗಂಡ್ ಬನ್ನಿ” ಅಂದಳು.

ನಾನು ಎದ್ದೆ. ತರಲು ಎದ್ದೆ. ಬಾಗಿಲವರೆಗೂ ಹೋದೆ.

ಬಾಗಿಲಲ್ಲಿ ಅಮ್ಮ ಟವೆಲ್ ಹಿಡಿದು ನಿಂತಿದ್ದಳು. ಕನ್ನಮ್ಮ ಕಾಲು ಮಡಚಿದಳು. “ಅಯ್ಯೋ ನನ್ ಬಾಯಿಗೆ ಮಣ್ ಹಾಕ... ಎಂತ ಅಂದ್ಬಿಟ್ಟೆ ಅಮ್ಮ ನಾನು” ಅಂತ ಅಲ್ಲೇ ಮುಖ ಮುಚ್ಚಿಕೊಂಡು ಅಳಲು ಶುರು ಮಾಡಿದಳು. ಅಮ್ಮ ಅವಳನ್ನು ಎಬ್ಬಿಸಿ ಕಾಫಿ ಕೊಟ್ಟಳು. ನಾನು ಒಳಗೆ ಬಂದು ಸಾಂಬ್ರಾಣಿ ಹೊಗೆಗೆ ಕೂದಲು ಒಡ್ಡಿ ಮಲಗಿದೆ.

ಕನ್ನಮ್ಮನ ಮೇಲೆ ಸಿಟ್ಟಿಲ್ಲ. ಅವಳು ಕರೆದ ಆ ಒಂದು ಗಳಿಗೆ ಮಗು ಒಳಕೋಣೆಯಲ್ಲೇ ಇತ್ತು. ಇನ್ನೊಮ್ಮೆ ಕರೆದಿದ್ದರೆ ಇನ್ನೊಮ್ಮೆ ಏಳುತ್ತಿದ್ದೆ.

ಏಪ್ರಿಲ್ 13

ಹಾಲು ನಿಂತಿತು. ಅಮ್ಮ ಎದೆಗೆ ಮಲ್ಲಿಗೆ ಕಟ್ಟಿದ್ದು ಕೆಲಸ ಮಾಡಿತು. ದಿನಾ ಇಷ್ಟೊಂದು ಹೂವು ಯಾಕೆ, ಮನೇಲಿ ಎಂತ ವಿಶೇಷ ಅಂತ ಹೂವಿನವಳು ಕೇಳಿದಳಂತೆ. ಪೂಜೆ ಅಂದಳಂತೆ ಅಮ್ಮ.

ಹೊಸ ವಿಧಾನ — ಕುದಿಸುವುದೇ ಬೇಡ. ತಣ್ಣೀರಿಗೆ ಟೀ ಪುಡಿ ಹಾಕಿ ಫ್ರಿಜ್ಜಿನಲ್ಲಿಟ್ಟು ಮರೆತುಬಿಡುವುದು. ಮರೆಯುವುದರಲ್ಲಿ ನಾನು ಈಗ ಹುಷಾರು. ಮಧ್ಯಾಹ್ನ ಬಟ್ಟೆಯಲ್ಲಿ ಸೋಸಿದೆ. ಕದಡಲಿಲ್ಲ, ಕಹಿಯಿಲ್ಲ. ಗ್ಲಾಸಿನ ಆ ಕಡೆಯ ಕಿಟಕಿ ಕಂಡಿತು. ಸಕ್ಕರೆಯನ್ನು ಮೊದಲೇ ಪಾಕ ಮಾಡಿಟ್ಟುಕೊಂಡರೆ ತಳದಲ್ಲಿ ಉಳಿಯುವುದಿಲ್ಲ.

ಏಪ್ರಿಲ್ 15

ಸಿಕ್ಕಿಬಿದ್ದೆ.

ಅಮ್ಮ ಉಪ್ಪಿನಕಾಯಿಗೆ ಅಂತ ತಂದ ಅಪ್ಪೆಮಿಡಿ ಹಿತ್ತಲ ಬಾಗಿಲ ಹತ್ತಿರ ಇತ್ತು. ಒಂದನ್ನು ತೊಟ್ಟಿನ ಸೊನೆ ಸಮೇತ ಜಜ್ಜಿ ಟೀಗೆ ಹಾಕಿದೆ. ಏನು ಪರಿಮಳ ಅಂತೀರಿ! (ಯಾರಿಗೆ ಹೇಳುತ್ತಿದ್ದೇನೆ.) ಆ ಪರಿಮಳವೇ ಹಿಡಿದುಕೊಟ್ಟಿತು. ಅಮ್ಮ ಅಡಿಗೆಮನೆಗೆ ಬಂದವಳು ಮೂಗರಳಿಸಿ, ಸೀದಾ ನನ್ನ ಕೈಯಿಂದ ಗ್ಲಾಸು ಕಿತ್ತುಕೊಂಡಳು.

“ಎಂತದೆ ಇದು? ಐಸಾ? ಬಾಣಂತಿ ಕುಡಿಯೋದೇನೆ ಇದು? ಸನ್ನಿ ಹಿಡಿದ್ರೆ ಯಾರೇ ನೋಡೋರು? ಹಸಿ ಮೈ ಮಾರಾಯ್ತಿ, ಹೆತ್ತ ಮೈ! ನಾಳೆ ಸೊಂಟ ಹಿಡ್ಕಂಡು ಅಮ್ಮಾ ಅಂತ ಬಾ, ಆಗ ಹೇಳ್ತೀನಿ.”

ಟೀಯನ್ನು ಸಿಂಕಿಗೆ ಸುರಿದಳು. ಬಿಸಿನೀರು ಕೊಟ್ಟು, ಕುಡಿಯುವವರೆಗೂ ಎದುರಿಗೇ ನಿಂತಳು.

ಬೈಗುಳ ಕೇಳುತ್ತಾ ಏನೋ ಒಂದು ಆಯಿತು. ಈಗ ಹೊಳೆಯಿತು ಏನು ಅಂತ. ಹೆತ್ತ ಮೈ ಅಂದಳಲ್ಲ. ಆಸ್ಪತ್ರೆ ಬಿಟ್ಟ ಮೇಲೆ ನಾನು ಹೆತ್ತೆ ಅಂತ ಒಬ್ಬರು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಏಪ್ರಿಲ್ 18

ಮತ್ತೆ ಮಾಡಿದೆ. ಈ ಸಲ ಗ್ಲಾಸು ತೊಳೆಯಲಿಲ್ಲ, ಮೆಷಿನ್ನಿನ ಪಕ್ಕದಲ್ಲೇ ಬಿಟ್ಟೆ. ಅಮ್ಮ ಹೊಲಿಯುತ್ತಿದ್ದ ರವಿಕೆ ಪಕ್ಕಕ್ಕಿಟ್ಟು ಮನಸಾರೆ ಬೈದಳು. “ಬಾಣಂತಿ ಬಾಣಂತಿ ಹಂಗಿರ್ಬೇಕು!” ಎರಡು ಸಲ ಬಂತು ಆ ಮಾತು.

ಏಪ್ರಿಲ್ 19

ಈ ಸಲ ಟೀಗೆ ನಿಂಬೆ ವಾಸನೆಯ ಮಜ್ಜಿಗೆಹುಲ್ಲು, ಶುಂಠಿ. ಬೈದಳು. ಚೆನ್ನಾಗಿತ್ತು. ಟೀ ಅಲ್ಲ.

ಏಪ್ರಿಲ್ 20, ಭಾನುವಾರ

ರವೀಶ ಸಾಗರದಿಂದ ಬಂದಿದ್ದ. ಅಲ್ಲಿ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ, ವಾರಕ್ಕೊಮ್ಮೆ ತೀರ್ಥಹಳ್ಳಿಗೆ ಅವನ ಮನೆಗೆ. ಈಗ ಇಲ್ಲಿಗೂ. ಸೊರಗಿದ್ದಾನೆ. ಕಿತ್ತಳೆ ತಂದಿದ್ದ. ಅಮ್ಮ ಅತ್ತ ಹೋದಾಗ ಕೇಳಿದೆ — ಮಗು ಹೇಗಿತ್ತು? ಯಾರ ಹಾಗಿತ್ತು?

“ಬಿಡು ಚೈತ್ರಾ. ಅದೆಲ್ಲ ಈಗ ಎಂತಕ್ಕೆ. ಮುಂದಿನದು ನೋಡೋಣ.”

ಕಿತ್ತಳೆ ಸುಲಿದು ತೊಳೆ ತೊಳೆ ಬಿಡಿಸಿ ತಟ್ಟೆಯಲ್ಲಿಟ್ಟ. ನಾರು ಸಹ ತೆಗೆದ. ಅವನ ಕೈಯನ್ನೇ ನೋಡಿದೆ. ಮಗುವನ್ನು ನೋಡಿದ್ದು ಅವನೊಬ್ಬ. ಅವನೂ ಹೇಳದಿದ್ದರೆ ಆ ಮಗುವಿಗೆ ಮುಖವೇ ಇಲ್ಲ.

ಏಪ್ರಿಲ್ 27, ಭಾನುವಾರ

ಅತ್ತೆ ಬಂದಿದ್ದರು, ರವೀಶನ ಜೊತೆ. ಮೇ ತಿಂಗಳಲ್ಲಿ ರವೀಶನ ದೊಡ್ಡಪ್ಪನ ಮಗಳ ಮದುವೆ. ನಾನು ಬರಬೇಕಂತೆ. ಅದಕ್ಕೂ ಮೊದಲೇ ಮನೆಗೆ ಕರೆದುಕೊಂಡು ಹೋಗುತ್ತಾರಂತೆ. ಅಮ್ಮ ಮೂರು ತಿಂಗಳಾದರೂ ಇಟ್ಟುಕೊಳ್ಳುತ್ತೇನೆ ಅಂದುಕೊಂಡಿದ್ದವಳು.

ಜಲಜಮ್ಮ, ನಮ್ಮತ್ತೆ, ಕೆಟ್ಟವರಲ್ಲ. ನನ್ನ ತಲೆ ಸವರಿಯೇ ಅಮ್ಮನಿಗೆ ಹೇಳಿದರು. “ಮಗು ಇದ್ದಿದ್ರೆ ಬಾಣಂತನ ಸರಿ ಶರಾವತಕ್ಕ. ಈಗ ಎಂತಕ್ಕೆ ಹುಡುಗೀನ ಕೋಣೇಲಿ ಕೂರ್ಸಿಡೋದು? ನಾಲ್ಕು ಜನರ ಮಧ್ಯೆ ಓಡಾಡಿದ್ರೆ ಮನಸ್ಸು ಹಗುರಾಗ್ತದೆ. ಯಾರಾದ್ರೂ ಕೇಳಿದ್ರೆ ಹುಷಾರಿರ್ಲಿಲ್ಲ ಅಂದ್ರಾಯ್ತು. ಇನ್ನೆಂತದೂ ಹೇಳೋದು ಬೇಡ.”

ಅಮ್ಮ “ಹೌದು, ಹೌದು” ಅಂದಳು. ಬೀಗರ ಮುಂದೆ ಅಮ್ಮನ ದನಿಯೇ ಬೇರೆ.

ಬಿಸಿಲಲ್ಲಿ ಬಂದವರು, ಬಾಯಾರಿರುತ್ತದೆ ಅಂತ ಐಸ್ ಟೀ ಕೊಟ್ಟೆ. ಅಪ್ಪೆಮಿಡಿಯದು. ಅತ್ತೆಗೆ ಹಿಡಿಸಿತು. “ಎಷ್ಟು ಪಸಂದಾಗಿದೆಯೆ! ನಿಂಗೆಲ್ಲಿ? ತಗ, ನೀನೂ ಕುಡಿ” ಅಂತ ಜಗ್ಗಿನಿಂದ ಬಗ್ಗಿಸಿ ನನ್ನ ಕೈಗೇ ಕೊಟ್ಟರು.

ಹಿಡಿದುಕೊಂಡು ಅಮ್ಮನ ಕಡೆ ನೋಡಿದೆ. ಕಿತ್ತುಕೊಳ್ಳುತ್ತಾಳೆ ಅಂತ ಕಾದೆ. ಐಸು ಕರಗಿ ಸಣ್ಣಗಾಯಿತು. ಅಮ್ಮ ಸೆರಗಿನ ಅಂಚು ನೋಡುತ್ತಾ ಕೂತಿದ್ದಳು. ತುಟಿಗೆ ಇಟ್ಟೆ. ಒಂದು ಗುಟುಕು, ಇನ್ನೊಂದು. ಪೂರ್ತಿ ಕುಡಿದೆ.

ಯಾರೂ ಬೈಯಲಿಲ್ಲ.

ಮೇ 5, ತೀರ್ಥಹಳ್ಳಿ

ಬಂದು ಎರಡು ದಿನ. ಹೊರಡುವ ಬೆಳಿಗ್ಗೆ ಅಮ್ಮ ಸೊಂಟದ ಸೀರೆ ಬಿಚ್ಚಿದಳು. ಕಿವಿಯ ಹತ್ತಿಯನ್ನು ಅವಳೇ ತೆಗೆದಳು. ಬಸ್ ಸ್ಟ್ಯಾಂಡಿನವರೆಗೆ ಬಂದು, “ಬಿಸಿನೀರೇ ಕುಡಿಯೆ” ಅಂದಳು, ಅತ್ತೆಗೆ ಕೇಳಿಸದಷ್ಟು ಮೆಲ್ಲಗೆ.

ಇಲ್ಲಿನ ಫ್ರಿಜ್ಜು ದೊಡ್ಡದು. ಐಸು ಬೇಕಾದಷ್ಟು. ಟೀ ಮಾಡಲು ಮನಸ್ಸಿಲ್ಲ. ತೊಟ್ಟಿಲು ಅಟ್ಟಕ್ಕೆ ಹೋಗಿದೆ. ಸಣ್ಣ ಟೋಪಿಗಳು ಎಲ್ಲಿ ಹೋದವೋ. ಎಲ್ಲರೂ ಒಳ್ಳೆಯವರು. ನನಗೆ ಕೆಲಸ ಹೇಳುವುದಿಲ್ಲ, ನನ್ನೆದುರು ಜೋರಾಗಿ ನಗುವುದಿಲ್ಲ. ಅಟ್ಟದ ಸುದ್ದಿಯನ್ನೂ ಯಾರೂ ಎತ್ತುವುದಿಲ್ಲ.

ಮೇ 11, ಭಾನುವಾರ, ಸಂಜೆ

ಮದುವೆಯಿಂದ ಬಂದೆವು. ಬೇಗ ಬರೆದುಬಿಡಬೇಕು.

ಛತ್ರದಲ್ಲಿ ಅತ್ತೆಯ ಪಕ್ಕ ಕೂತಿದ್ದೆ. ಈ ಕಡೆ ಕೋಣಂದೂರಿನ ಚಿಕ್ಕಮ್ಮ, ಅವರಿಗೆ ಏನೂ ಗೊತ್ತಿಲ್ಲ. ಕೇಟರಿಂಗಿನವನು ಟ್ರೇ ತಂದ. ಕಲ್ಲಂಗಡಿ ಜ್ಯೂಸು, ಐಸು ತುಂಬಿ. ಅತ್ತೆ ತಗೊಂಡರು, ಚಿಕ್ಕಮ್ಮ ತಗೊಂಡರು. ನನ್ನ ಮುಂದೆ ಹಿಡಿದ. ತಗೊಂಡಿದ್ದರೆ ಮುಗಿಯುತ್ತಿತ್ತು. ಎಲ್ಲರ ಹಾಗೆ ಕುಡಿದು ಗ್ಲಾಸು ಕುರ್ಚಿ ಕೆಳಗಿಡಬಹುದಿತ್ತು.

“ಬೇಡ. ನಾನು ಬಾಣಂತಿ” ಅಂದೆ.

ದನಿ ಜೋರೇ ಬಂತು. ಮುಂದಿನ ಸಾಲಿನವರು ತಿರುಗಿ ನೋಡಿದರು.

“ಹೌದನೆ! ನಂಗೆ ಯಾರೂ ಹೇಳೇ ಇಲ್ಲಲ್ಲೆ! ಎಂತ ಮಗು?” ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು.

“ಹೆಣ್ಣು.”

ಅತ್ತೆ ನನ್ನ ಮಂಡಿ ಒತ್ತಿದರು. ಸಾಕು ಅನ್ನುವ ಹಾಗೆ.

“ಯಾರ ಹಂಗಿದೆ?”

“ಉಳೀಲಿಲ್ಲ ಚಿಕ್ಕಮ್ಮ. ನಾನು ನೋಡ್ಲಿಲ್ಲ. ಇವ್ರು ನೋಡಿದಾರೆ, ಇವ್ರನ್ನೇ ಕೇಳಿ.”

ರವೀಶ ಹಿಂದಿನ ಸಾಲಿನಲ್ಲಿದ್ದ. ಓಲಗ ಜೋರಾಗಿತ್ತು, ಧಾರೆ ಹೊತ್ತು. ಅತ್ತೆ, “ರವೀಶಾ, ಹೊರಗೆ ಕರ್ಕಂಡು ಹೋಗ ಇವಳನ್ನ” ಅಂದರು. ಅವನು ಎದ್ದ. ಹೊರಗೆ ಹೋಗಲಿಲ್ಲ. ಮುಂದೆ ಬಂದು ನನ್ನ ಕುರ್ಚಿ ಹತ್ತಿರ ಕುಕ್ಕರುಗಾಲಲ್ಲಿ ಕೂತ, ಅಷ್ಟು ಜನರ ಮಧ್ಯೆ. ಯಾರ ಕಡೆಯೂ ನೋಡಲಿಲ್ಲ, ನನ್ನ ಕಡೆ ನೋಡಿದ.

“ಕೂದ್ಲು ತುಂಬಾ ಇತ್ತು. ಹಣೆಗೆ ಅಂಟ್ಕಂಡಿತ್ತು. ಹಣೆ ನಿಂದೇ. ನಾನು ಒರೆಸ್ದೆ... ಬೆರಳು ಉದ್ದ. ಗಲ್ಲದ ಹತ್ರ ಒಂದು —”

ಅಲ್ಲಿಗೆ ನಿಲ್ಲಿಸಿ, ನನ್ನ ಕುರ್ಚಿಯ ಅಂಚು ಹಿಡಿದು ತಲೆ ತಗ್ಗಿಸಿದ. ಚಿಕ್ಕಮ್ಮ ಅಳುತ್ತಿದ್ದರು. ಅತ್ತೆಯೂ. ಕೊನೆಗೆ ನಾನೂ, ಮದುವೆ ಮನೆ ಅಂತಲೂ ನೋಡದೆ.

ಹಣೆ ನನ್ನದು. ಕೂದಲು ತುಂಬಾ. ಬೆರಳು ಉದ್ದ. ಮರೆಯಬಾರದು ಅಂತ ಮೊದಲು ಇಷ್ಟು ಬರೆದೆ. ಅವನು ಮುಖ ತೊಳೆದುಕೊಂಡು ಬಂದು ಜಗಲಿಯಲ್ಲಿ ಕೂತಿದ್ದಾನೆ. ನನ್ನನ್ನು ಕರೆಯುತ್ತಿದ್ದಾನೆ. ಹೋಗಿ ಉಳಿದದ್ದು ಕೇಳಬೇಕು.